ಮಕ್ಕಳ ಕೈಗೆ ಕೊಡುವ ಮಹಾಪುರುಷರು

ಸಂಘದ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಮಕ್ಕಳ ಸಾಹಿತ್ಯವನ್ನು ಕುರಿತು ಏನಾದರೂ ಬರೆಯಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ನಾನು ಮಕ್ಕಳ ಸಾಹಿತಿಯಲ್ಲ, ಮೂವತ್ತು ವರ್ಷ ಮಕ್ಕಳ ಮುಂದೆ ನಿಂತು ಇತರರು ಬರೆದುದನ್ನು ಓದಿ ಹೇಳಿದವನು ಮಾತ್ರ ಎಂದು ನುಣುಚಿಕೊಳ್ಳಲು ನೋಡಿದೆ. ಅವರು ಬಿಡಲಿಲ್ಲ. ಒಪ್ಪಿಕೊಂಡ ಮೇಲೆ ಏನು ಬರೆಯಲೆಂದು ಯೋಚಿಸುತ್ತಿದ್ದಾಗ, ಬಹುಕಾಲದಿಂದ ಮನಸ್ಸಿನಲ್ಲಿ ಮುರಿದ ಮುಳ್ಳಿನಂತೆ ಉಳಿದಿದ್ದ ಒಂದು ಪ್ರಶ್ನೆ ಮತ್ತೆ ಮೇಲೆದ್ದಿತು. ಮಕ್ಕಳಿಗೆ ಒಳ್ಳೆಯ ಗುಣವನ್ನು ಕಲಿಸುವ ಸಲುವಾಗಿ, ಮಹಾಪುರುಷರ ಬಾಳಿನಲ್ಲಿ ನಡೆಯದುದನ್ನು ನಡೆದುದೆಂದು ಹೇಳಬಹುದೇ? ನಡೆದುದನ್ನು ಮುಚ್ಚಿಡಬಹುದೇ? ಅಧ್ಯಾಪಕ ವೃತ್ತಿಯಲ್ಲಿದ್ದಷ್ಟು ಕಾಲವೂ ನಾನು ಎರಡನ್ನೂ ಮಾಡಿದ್ದೇನೆ. ಆಗ ಅದು ಪ್ರಶ್ನೆಯೆಂದೇ ತೋರಿರಲಿಲ್ಲ.

ಕಳೆದ ಆಷಾಢದಲ್ಲಿ ಅಮೆರಿಕದಲ್ಲಿರುವ ಮಗ ಸಂಸಾರ ಸಮೇತನಾಗಿ ಮನೆಗೆ ಬಂದಿದ್ದ. ಹೊರಗೆ ಎಡೆಬಿಡದ ಮಳೆ. ಹತ್ತು ವರ್ಷದ ಮೊಮ್ಮಗಳು ಜಗಲಿಯಲ್ಲಿ ಕುಳಿತು, ತಾನು ತಂದಿದ್ದ ಚಿತ್ರಪುಸ್ತಕವೊಂದನ್ನು ಓದುತ್ತಿದ್ದಳು. ಅದು ಆ ದೇಶದ ಮೊದಲ ಅಧ್ಯಕ್ಷರಾದ ಜಾರ್ಜ್ ವಾಷಿಂಗ್ಟನ್ನರ ಜೀವನಚರಿತ್ರೆ. ನನಗೆ ಉತ್ಸಾಹ ಬಂತು. ನಾಲ್ಕನೆಯ ತರಗತಿಯಲ್ಲಿ ನಮ್ಮ ಮಾಸ್ತರರು ಹೇಳಿದ್ದ, ಮುಂದೆ ನಾನೇ ಎಷ್ಟೋ ಮಕ್ಕಳಿಗೆ ಹೇಳಿದ ಚೆರ್ರಿ ಮರದ ಕಥೆಯನ್ನು ಆರಂಭಿಸಿದೆ. ಆರು ವರ್ಷದ ಹುಡುಗ ಜಾರ್ಜನಿಗೆ ಯಾರೋ ಒಂದು ಪುಟ್ಟ ಕೊಡಲಿಯನ್ನು ಕೊಟ್ಟರು; ಕಂಡಕಂಡದ್ದನ್ನೆಲ್ಲ ಕಡಿಯುತ್ತ ಹೋದ ಹುಡುಗ ತಂದೆಯ ಪ್ರೀತಿಯ ಚೆರ್ರಿ ಗಿಡಕ್ಕೂ ಏಟು ಹಾಕಿದ; ತಂದೆ ಕೇಳಿದಾಗ ತಾನು ಸುಳ್ಳು ಹೇಳಲಾರೆನೆಂದು ಒಪ್ಪಿಕೊಂಡ; ತಂದೆ ಅವನನ್ನು ಅಪ್ಪಿಕೊಂಡ. ಚೆರ್ರಿ ಮರವನ್ನು ನಮ್ಮ ಮಾಸ್ತರರು ನೋಡಿದವರಲ್ಲ. ‘ನಮ್ಮ ನೇರಳೆಯ ಹಾಗಿನ ಒಂದು ಮರ’ ಎಂದು ವಿವರಿಸಿದ್ದರು. ಆದ್ದರಿಂದ ಇಂದಿಗೂ ನನ್ನ ಕಣ್ಣಿನಲ್ಲಿ ವಾಷಿಂಗ್ಟನ್ನರು ಕಡಿದದ್ದು ನೇರಳೆ ಮರವನ್ನೇ.

ಮೊಮ್ಮಗಳು ಕಥೆಯನ್ನು ಪೂರ್ತಿ ಕೇಳಿ, ವಿನಯದಿಂದಲೇ, ‘ಅಜ್ಜಾ, ಅದು ನಡೆದದ್ದಲ್ಲ, ಒಬ್ಬರು ಕಟ್ಟಿದ್ದು. ನಮ್ಮ ಟೀಚರ್ ಹೇಳಿದ್ದಾರೆ’ ಎಂದಳು.

ಅವಳ ಮಾತು ಸರಿಯೆಂದು ಓದಿ ತಿಳಿದುಕೊಂಡೆ. ವಾಷಿಂಗ್ಟನ್ನರು ತೀರಿಕೊಂಡದ್ದು 1799ರ ಡಿಸೆಂಬರಿನಲ್ಲಿ. ಮರುವರ್ಷವೇ ಮೇಸನ್ ಲಾಕ್ ವೀಮ್ಸ್ ಎಂಬ ಪಾದ್ರಿ ಅವರ ಜೀವನಚರಿತ್ರೆಯನ್ನು ಹೊರತಂದ. ಈತ ಊರೂರು ಸುತ್ತಿ ಪುಸ್ತಕ ಮಾರುತ್ತಿದ್ದವನು. ಜನ ಏನನ್ನು ಕೊಳ್ಳುತ್ತಾರೆಂದು ಚೆನ್ನಾಗಿ ಬಲ್ಲವನು. ಮೊದಲ ಮುದ್ರಣದಲ್ಲಿ ಚೆರ್ರಿ ಮರದ ಸುಳಿವೇ ಇಲ್ಲ. ಅದು ಕಾಣಿಸಿಕೊಳ್ಳುವುದು 1806ರ ಐದನೆಯ ಮುದ್ರಣದಲ್ಲಿ. ವೃದ್ಧೆಯೊಬ್ಬಳು ತನಗೆ ಹೇಳಿದಳೆಂಬುದೊಂದೇ ಅವನು ಕೊಡುವ ಆಧಾರ. ಅಲ್ಲಿಂದ ಅದು ಶಾಲಾ ವಾಚನಪುಸ್ತಕಗಳನ್ನು ಹೊಕ್ಕು, ಸಮುದ್ರಗಳನ್ನು ದಾಟಿ, ನೇರಳೆ ಮರವೂ ಆಗಿ, ನಮ್ಮ ಊರಿನ ಸೋಗೆ ಮಾಡಿನ ಶಾಲೆಯವರೆಗೆ ಬಂತು. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸಲು ಜಗತ್ತಿನಲ್ಲಿ ಅತ್ಯಂತ ಹೆಚ್ಚು ಬಳಕೆಯಾದ ಕಥೆಗಳಲ್ಲೊಂದು ಸ್ವತಃ ಕಟ್ಟುಕಥೆ!

ಈ ವಿನೋದವನ್ನು ಮಗನಿಗೆ ಹೇಳಿ ನಕ್ಕೆ. ರಾತ್ರಿ ಮಲಗಿದಾಗ ಮಾತ್ರ ನಗು ಬರಲಿಲ್ಲ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಒಂದು ಸೆಪ್ಟೆಂಬರ್ 15 ನೆನಪಾಯಿತು.

ಅಂದು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ. ಎಂಟನೆಯ ತರಗತಿಗೆ ಹೋಗಿ ಎರಡು ಮೇಣದ ಬತ್ತಿಗಳ ಕಥೆಯನ್ನು ಹೇಳಿದೆ. ಕನ್ನಡ ಬಲ್ಲವರಾರಿಗೂ ಅದನ್ನು ವಿವರಿಸಬೇಕಾಗಿಲ್ಲ. ಸರಕಾರದ ಕಡತ ನೋಡುವಾಗ ಸರಕಾರದ ಬತ್ತಿ, ಕಡತ ಮುಚ್ಚಿ ಸ್ವಂತ ಓದು ಬರಹಕ್ಕೆ ಕುಳಿತಾಗ ಅದನ್ನು ಆರಿಸಿ ಸ್ವಂತ ದುಡ್ಡಿನ ಬತ್ತಿ. ಯಾವ ಪುಸ್ತಕದಿಂದ ಬಂತೆಂದು ಯಾರೂ ಕೇಳುವುದಿಲ್ಲ, ಎಲ್ಲರ ಬಾಯಲ್ಲಿಯೂ ಇದೆ. ನಾನು ರಸವತ್ತಾಗಿ ಹೇಳಿ ಮುಗಿಸಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ‘ಸರ್, ಇದು ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝರ ಕಥೆ. ಮದರಸದಲ್ಲಿ ಉಸ್ತಾದರು ಹೇಳಿದ್ದಾರೆ’ ಎಂದ.

ತರಗತಿ ನಕ್ಕಿತು. ನಾನು ‘ಅದು ಬೇರೆ, ಇದು ಬೇರೆ. ಕುಳಿತುಕೋ’ ಎಂದೆ. ಅವನು ಕುಳಿತುಕೊಂಡ. ಅಷ್ಟೇ ನಡೆದದ್ದು.

ಹುಡುಗ ಹೇಳಿದ್ದು ನಿಜವಾಗಿತ್ತು. ಎಂಟನೆಯ ಶತಮಾನದ ಆರಂಭದಲ್ಲಿ ಆಳಿದ ಆ ಖಲೀಫರ ಬಗೆಗೆ ಇದೇ ಕಥೆ, ಮೇಣದ ಬತ್ತಿಯ ಬದಲಿಗೆ ಎಣ್ಣೆಯ ದೀಪದೊಂದಿಗೆ, ಮುಸ್ಲಿಂ ಸಮಾಜದಲ್ಲಿ ಪ್ರಸಿದ್ಧವಾಗಿದೆ. ಮುಂದೆ ಮಾಸಪತ್ರಿಕೆಯೊಂದರಲ್ಲಿ ಅದೇ ದೀಪ ಚಾಣಕ್ಯನ ಗುಡಿಸಲಿನಲ್ಲಿ ಉರಿಯುತ್ತಿರುವುದನ್ನೂ ಓದಿದೆ. ಒಂದೇ ದೀಪ ಮೂರು ದೇಶಕಾಲಗಳಲ್ಲಿ ಉರಿಯಿತೆಂದರೆ, ಅದು ಒಬ್ಬ ವ್ಯಕ್ತಿಯ ಬಾಳಿನ ಘಟನೆಗಿಂತ ಹೆಚ್ಚಾಗಿ, ಜನರು ತಮ್ಮನ್ನು ಆಳುವವರಿಂದ ಏನನ್ನು ಬಯಸುತ್ತಾರೆಂಬುದರ ಚಿತ್ರ. ಇಷ್ಟನ್ನು ಅಂದು ತರಗತಿಗೆ ಹೇಳಬಹುದಾಗಿತ್ತು. ‘ನೋಡಿ, ಅರಬರ ನಾಡಿನವರೂ ನಮ್ಮವರೂ ಒಳ್ಳೆಯ ಅಧಿಕಾರಿಯೆಂದರೆ ಹೇಗಿರಬೇಕೆಂಬುದಕ್ಕೆ ಒಂದೇ ಕಥೆಯನ್ನು ಹೇಳುತ್ತಾರೆ’ ಎಂದಿದ್ದರೆ ಅದಕ್ಕಿಂತ ಒಳ್ಳೆಯ ಪಾಠವೇ ಇರಲಿಲ್ಲ. ನಾನು ಹಾಗೆ ಮಾಡಲಿಲ್ಲ. ಇನ್ನೂ ಒಂದು ಮಾತನ್ನು ಇಲ್ಲಿ ಬರೆಯಲೇಬೇಕು. ಬೇರೊಬ್ಬ ಹುಡುಗ ಎದ್ದು ‘ಸರ್, ಇದು ಚಾಣಕ್ಯನ ಕಥೆ’ ಎಂದಿದ್ದರೆ ‘ಭೇಷ್, ಎಲ್ಲಿ ಓದಿದೆ?’ ಎಂದು ಕೇಳುತ್ತಿದ್ದೆನೋ ಏನೋ. ಆ ‘ಏನೋ’ ಎಂಬಲ್ಲಿಯೇ ನನಗೆ ನಿದ್ರೆ ತಪ್ಪಿದ್ದು.

ಈ ವಿಷಯವನ್ನು ಹಿರಿಯ ಮಿತ್ರರೊಬ್ಬರಲ್ಲಿ ಎತ್ತಿದೆ. ಅವರು ತಾಳಮದ್ದಳೆಯ ಅರ್ಥಧಾರಿಗಳು, ಮಾತಿನಲ್ಲಿ ಸೋಲುವವರಲ್ಲ. ಅವರ ವಾದವನ್ನು ಸಂಕ್ಷೇಪಿಸಿದರೆ ಹೀಗೆ: ಮಗುವಿಗೆ ಮೊದಲು ಬೇಕಾದದ್ದು ಆದರ್ಶ. ತಲೆಯೆತ್ತಿ ನೋಡಲು ಒಂದು ಶಿಖರ ಬೇಕು. ಶಿಖರದಲ್ಲಿ ಬಿರುಕುಗಳೆಷ್ಟು ಎಂದು ಅಳೆಯುವುದು ದೊಡ್ಡವನಾದ ಮೇಲಿನ ಕೆಲಸ. ಹರಿಶ್ಚಂದ್ರ ಇದ್ದನೋ ಇಲ್ಲವೋ ಯಾರು ಕಂಡವರು? ಆದರೂ ಆ ನಾಟಕವನ್ನು ನೋಡಿದ ಬಾಲಕ ಮೋಹನದಾಸನ ಮನಸ್ಸಿನಲ್ಲಿ ಸತ್ಯದ ಬೀಜ ಬಿತ್ತು. ‘ನಾನು ವಾಲಿಯ ಬಾಯಲ್ಲಿ ವಾಲ್ಮೀಕಿ ಬರೆಯದ ಎಷ್ಟೋ ಮಾತುಗಳನ್ನು ಆಡಿಸುತ್ತೇನೆ. ಹಾಗಾದರೆ ನಾನೂ ಸುಳ್ಳುಗಾರನೇ?’ ಎಂದು ಅವರು ಕೇಳಿದರು.

ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಾದ ನಮಗೆ ಪುರಾಣದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನೋ ರಾವಣನನ್ನೋ ಕೇಳಿ ಬೆಳಗಿನ ಜಾವ ಮನೆಗೆ ನಡೆದು ಬಂದವರು ಈ ಸಭೆಯಲ್ಲಿ ಎಷ್ಟೋ ಮಂದಿ ಇರಬಹುದು. ಆದರೆ ತಾಳಮದ್ದಳೆಯಲ್ಲಿ ಮಾತನಾಡುವವನಿಗೂ ಕೇಳುವವನಿಗೂ ನಡುವೆ ಒಂದು ಒಪ್ಪಂದವಿದೆ. ಇಂದು ವಾಲಿ ಗೆದ್ದ, ನಾಳೆ ಇನ್ನೊಂದು ಕೂಟದಲ್ಲಿ ಇನ್ನೊಬ್ಬರ ರಾಮ ಗೆಲ್ಲುತ್ತಾನೆ. ಇದು ಕಡತದ ಮಾತಲ್ಲ, ಕಲೆಯ ಮಾತು ಎಂದು ಎಲ್ಲರಿಗೂ ಗೊತ್ತು. ಹರಿಶ್ಚಂದ್ರನ ಕಥೆ ಅವನು ಇಂಥ ತಾರೀಖಿನಂದು ಇಂಥ ಹಳ್ಳಿಯಲ್ಲಿ ಹುಟ್ಟಿದನೆಂದು ಆರಂಭವಾಗುವುದಿಲ್ಲ. ಜೀವನಚರಿತ್ರೆ ಹಾಗೆಯೇ ಆರಂಭವಾಗುತ್ತದೆ. ಹುಟ್ಟಿದ ದಿನ, ಊರು, ತಂದೆ ತಾಯಿಯರ ಹೆಸರು, ಒಂದು ಭಾವಚಿತ್ರ: ಇವೆಲ್ಲ ಲೇಖಕ ಓದುಗನಿಗೆ ಹಾಕಿಕೊಡುವ ಸಹಿಯಂತೆ. ‘ನಾನು ಹೇಳುವುದು ನಡೆದದ್ದು’ ಎಂದು ಮಾತು ಕೊಟ್ಟ ಮೇಲೆ ನಡೆಯದುದನ್ನು ಅದರೊಳಗೆ ಸೇರಿಸಿದರೆ, ಅದೂ ಸಹಿಯನ್ನು ಓದಲು ಇನ್ನೂ ಕಲಿಯದ ಮಗುವಿನ ಎದುರು ಸೇರಿಸಿದರೆ, ಅದನ್ನು ಏನೆಂದು ಕರೆಯಬೇಕು? ಹಾಲಿಗೆ ನೀರು ಬೆರೆಸಿದವನು ‘ನೀರೂ ಒಳ್ಳೆಯದೇ’ ಎಂದರೆ ನಾವು ಒಪ್ಪುವುದಿಲ್ಲ.

ಗಾಂಧೀಜಿಯವರ ಹೆಸರು ಬಂತಾದ್ದರಿಂದ ಅವರ ಆತ್ಮಕಥೆಯ ಮಾತನ್ನೇ ಎತ್ತುತ್ತೇನೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಕನ್ನಡದಲ್ಲಿ ನಾವೆಲ್ಲ ಓದಿದ ಪುಸ್ತಕ. ರಾಜಕೋಟೆಯ ಶಾಲೆಗೆ ಗೈಲ್ಸ್ ಎಂಬ ಇನ್‌ಸ್ಪೆಕ್ಟರರು ಬಂದು ಐದು ಇಂಗ್ಲಿಷ್ ಪದಗಳನ್ನು ಬರೆಯಿಸುತ್ತಾರೆ. ‘ಕೆಟಲ್’ ಎಂಬುದನ್ನು ಹುಡುಗ ತಪ್ಪಾಗಿ ಬರೆಯುತ್ತಾನೆ. ಪಕ್ಕದವನ ಹಲಗೆಯನ್ನು ನೋಡಿ ತಿದ್ದಿಕೊಳ್ಳೆಂದು ಅಧ್ಯಾಪಕರು ಬೂಟಿನ ತುದಿಯಿಂದ ಸನ್ನೆ ಮಾಡುತ್ತಾರೆ. ಹುಡುಗನಿಗೆ ಅದು ತಿಳಿಯುವುದೇ ಇಲ್ಲ. ನಿವೃತ್ತ ಅಧ್ಯಾಪಕನಾದ ನನಗೆ ಈ ಪ್ರಸಂಗ ಚೆರ್ರಿ ಮರಕ್ಕಿಂತ ನೂರು ಪಾಲು ಹೆಚ್ಚು ನಾಟುತ್ತದೆ. ಇದರಲ್ಲಿ ಕಳ್ಳನಾಗಿರುವವರು ಮಾಸ್ತರರು! ವೀಮ್ಸ್ ಪಾದ್ರಿಗೆ ಕಥೆ ಕಟ್ಟಲು ಬಿಟ್ಟಿದ್ದರೆ ಎಂದಿಗೂ ಹೀಗೆ ಕಟ್ಟುತ್ತಿರಲಿಲ್ಲ. ಅದೇ ಪುಸ್ತಕದಲ್ಲಿ, ಅಣ್ಣನ ಕೈಗಡಗದಿಂದ ಚಿನ್ನದ ಚೂರನ್ನು ಕದ್ದದ್ದು, ಹೇಳಲು ನಾಲಗೆಯೇಳದೆ ತಂದೆಗೆ ಚೀಟಿ ಬರೆದು ಕೊಟ್ಟದ್ದು, ಹಾಸಿಗೆ ಹಿಡಿದಿದ್ದ ತಂದೆ ಅದನ್ನು ಓದಿ ಕಣ್ಣೀರು ಹಾಕಿ ಹರಿದು ಹಾಕಿದ್ದು ಇದೆ. ಚೆರ್ರಿ ಮರದ ಕಥೆಯಲ್ಲಿ ಇರುವ ಎಲ್ಲವೂ ಇಲ್ಲಿದೆ: ತಪ್ಪು, ಒಪ್ಪಿಗೆ, ತಂದೆಯ ಕ್ಷಮೆ. ಜೊತೆಗೆ ಅಲ್ಲಿಲ್ಲದ ಒಂದು ಇದೆ, ಭಯ. ಚೆರ್ರಿ ಮರದ ಹುಡುಗನಿಗೆ ಸತ್ಯ ಹೇಳುವುದು ಉಸಿರಾಡಿದಷ್ಟು ಸುಲಭ. ಚೀಟಿ ಬರೆದ ಹುಡುಗನ ಕೈ ನಡುಗುತ್ತಿತ್ತು. ತಪ್ಪು ಮಾಡಿ ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲಲ್ಲಿ ನಿಂತ ಮಕ್ಕಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರೆಲ್ಲರ ಕೈಯೂ ನಡುಗುತ್ತಿತ್ತು.

ಅಮೆರಿಕದ ಆ ಆದಿಕಾಲದವರಲ್ಲಿಯೂ ಇಂಥ ಒಬ್ಬರಿದ್ದಾರೆ. ಬೆಂಜಮಿನ್ ಫ್ರಾಂಕ್ಲಿನ್ನರು 1771ರಲ್ಲಿ, ಮಗನನ್ನು ಉದ್ದೇಶಿಸಿ ಆತ್ಮಕಥೆಯನ್ನು ಬರೆಯತೊಡಗಿದರು. ಮುದ್ರಣದ ಕೆಲಸದವರಾದ್ದರಿಂದ ಬಾಳಿನ ತಪ್ಪುಗಳನ್ನು ಅವರು ಅಚ್ಚಿನ ತಪ್ಪುಗಳೆಂದು ಕರೆಯುತ್ತಾರೆ. ಅಣ್ಣನ ಮುದ್ರಣಾಲಯದಿಂದ ಮಾತು ಮುರಿದು ಓಡಿಹೋದದ್ದು ಅವುಗಳಲ್ಲೊಂದು. ಹದಿಮೂರು ಸದ್ಗುಣಗಳ ಪಟ್ಟಿ ಮಾಡಿ, ಪುಟ್ಟ ಪುಸ್ತಕವೊಂದರಲ್ಲಿ ದಿನವೂ ತಪ್ಪಿದಲ್ಲೆಲ್ಲ ಚುಕ್ಕೆಯಿಟ್ಟು, ಕಡೆಗೂ ವಸ್ತುಗಳನ್ನು ಅಚ್ಚುಕಟ್ಟಾಗಿ ಇಡುವುದು ಮಾತ್ರ ತನ್ನಿಂದ ಸಾಧ್ಯವಾಗಲಿಲ್ಲವೆಂದು ಒಪ್ಪಿಕೊಳ್ಳುತ್ತಾರೆ. ನನ್ನ ಮೇಜನ್ನು ಕಂಡವರಿಗೆ ನಾನು ಫ್ರಾಂಕ್ಲಿನ್ನರನ್ನು ಏಕೆ ಮೆಚ್ಚಿಕೊಂಡೆನೆಂದು ತಿಳಿದೀತು.

ಸೇರಿಸಿ ಹೇಳುವುದರ ಮಾತು ಇಷ್ಟಾಯಿತು. ಬಿಟ್ಟು ಹೇಳುವುದು ಇದಕ್ಕಿಂತ ಕಠಿನವಾದ ಪ್ರಶ್ನೆ. ಏಕೆಂದರೆ ಬಿಡದೆ ಬರೆಯುವುದು ಅಸಾಧ್ಯ. ರಾಷ್ಟ್ರೋತ್ಥಾನ ಸಾಹಿತ್ಯವು 1970ರ ದಶಕದಲ್ಲಿ ಪ್ರೊ. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಹೊರತರತೊಡಗಿದ ಭಾರತ-ಭಾರತಿ ಪುಸ್ತಕ ಸಂಪದದ 510 ಕಿರುಹೊತ್ತಗೆಗಳನ್ನು ಬಲ್ಲವರಿಗೆ ಇದು ತಿಳಿದಿದೆ. ಅಂಗೈಯಗಲದ ಪುಸ್ತಕ, ಒಂದು ಬಸ್ ಪ್ರಯಾಣದಲ್ಲಿ ಓದಿ ಮುಗಿಯುವಷ್ಟು. ಶಾಲಾ ವಾರ್ಷಿಕೋತ್ಸವದಲ್ಲಿ ಬಹುಮಾನವಾಗಿ ನಾನು ಎಷ್ಟು ಪ್ರತಿಗಳನ್ನು ಹಂಚಿದ್ದೇನೋ ಲೆಕ್ಕವಿಲ್ಲ. ಆ ಮಾಲೆ ಇಲ್ಲದಿದ್ದರೆ ಗಡಿನಾಡಿನ ನಮ್ಮ ಮಕ್ಕಳ ಮನೆಗಳಲ್ಲಿ ಪಠ್ಯಪುಸ್ತಕವಲ್ಲದ ಒಂದು ಕನ್ನಡ ಪುಸ್ತಕವೂ ಇರುತ್ತಿರಲಿಲ್ಲ. ಒಂದು ಬಾಳನ್ನು ಅಷ್ಟು ಪುಟಗಳಲ್ಲಿ ಹಿಡಿಯಬೇಕಾದರೆ ಹತ್ತರಲ್ಲಿ ಒಂಬತ್ತು ಪಾಲನ್ನು ಬಿಡಲೇಬೇಕು. ಬಿಟ್ಟುದೆಲ್ಲ ಸುಳ್ಳಲ್ಲ. ಆದರೆ ಕೆಲವು ಬಿಡುವಿಕೆಗಳು ಉಳಿದುದರ ಅರ್ಥವನ್ನೇ ಬದಲಿಸುತ್ತವೆ.

ಮೊಮ್ಮಗಳ ಪುಸ್ತಕಕ್ಕೆ ಮರಳುತ್ತೇನೆ. ಅದರಲ್ಲಿ ನನ್ನ ಮಾಸ್ತರರು ಹೇಳದಿದ್ದ, ನಾನೂ ಹೇಳದಿದ್ದ ವಿಷಯವಿತ್ತು. ವಾಷಿಂಗ್ಟನ್ನರು ಗುಲಾಮರ ಒಡೆಯರಾಗಿದ್ದರು. ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯ ಆಸ್ತಿಯೊಂದಿಗೆ ಹತ್ತು ಮಂದಿ ಮನುಷ್ಯರೂ ಅವರ ಪಾಲಿಗೆ ಬಂದಿದ್ದರು. ಅವರು ತೀರಿಕೊಂಡಾಗ ಮೌಂಟ್ ವರ್ನನ್ ಎಂಬ ಅವರ ಎಸ್ಟೇಟಿನಲ್ಲಿ 317 ಮಂದಿ ಗುಲಾಮರಿದ್ದರು; ಅವರಲ್ಲಿ 123 ಮಂದಿ ವಾಷಿಂಗ್ಟನ್ನರ ಸ್ವಂತ ಸ್ವತ್ತು. ಪತ್ನಿಯ ಕಾಲಾನಂತರ ಈ 123 ಮಂದಿಯನ್ನು ಬಿಡುಗಡೆ ಮಾಡಬೇಕೆಂದು ಅವರು ಉಯಿಲಿನಲ್ಲಿ ಬರೆದರು. ಪತ್ನಿ ತಾನು ಬದುಕಿರುವಾಗಲೇ, 1801ರ ಜನವರಿ 1ರಂದು, ಅವರನ್ನು ಬಿಡುಗಡೆಗೊಳಿಸಿದಳು. ಇದೂ ಸತ್ಯ, ಅದೂ ಸತ್ಯ.

ಅವರ ಅಡುಗೆಯವನ ಹೆಸರು ಹರ್ಕ್ಯುಲಿಸ್. ಪಾಕಕಲೆಯಲ್ಲಿ ಹೆಸರಾದವನು. 1797ರ ಫೆಬ್ರವರಿ 22ರಂದು, ವಾಷಿಂಗ್ಟನ್ನರ ಅರುವತ್ತೈದನೆಯ ಹುಟ್ಟುಹಬ್ಬದ ದಿನವೇ, ಅವನು ತಪ್ಪಿಸಿಕೊಂಡು ಹೋದ. ಅದೇ ವಸಂತದಲ್ಲಿ ಮುಂದೆ ಫ್ರಾನ್ಸಿನ ದೊರೆಯಾದ ಲೂಯಿ ಫಿಲಿಪ್ ಮೌಂಟ್ ವರ್ನನ್ನಿಗೆ ಬಂದಿದ್ದ. ಅವನ ಸೇವಕ ಹರ್ಕ್ಯುಲಿಸನ ಪುಟ್ಟ ಮಗಳೊಡನೆ ಮಾತನಾಡುತ್ತ, ತಂದೆಯನ್ನು ಇನ್ನು ನೋಡಲಾರೆನೆಂದು ನಿನಗೆ ದುಃಖವಾಗುತ್ತಿರಬೇಕಲ್ಲವೇ ಎಂದು ಕೇಳಿದನಂತೆ. ಆ ಮಗು, ಇಲ್ಲ, ತನಗೆ ತುಂಬ ಸಂತೋಷವಾಗಿದೆ, ಏಕೆಂದರೆ ತಂದೆ ಈಗ ಸ್ವತಂತ್ರನಾಗಿದ್ದಾನೆ ಎಂದಿತು. ಲೂಯಿ ಫಿಲಿಪ್ ತನ್ನ ದಿನಚರಿಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಮಗುವಿನ ವಯಸ್ಸು ಆರು ಎಂದೂ ಬರೆದಿದ್ದಾನೆ.

ಆರು ವರ್ಷ! ವೀಮ್ಸನ ಕಥೆಯ ಹುಡುಗನ ವಯಸ್ಸೂ ಅಷ್ಟೇ. ಒಂದು ಕಡೆ, ಎಂದೂ ಆಡದ ಸತ್ಯವಾಕ್ಯವೊಂದಕ್ಕಾಗಿ ಇನ್ನೂರು ವರ್ಷ ಲೋಕದ ಮಕ್ಕಳೆಲ್ಲರ ಚಪ್ಪಾಳೆಯನ್ನು ಪಡೆದ ಹುಡುಗ. ಇನ್ನೊಂದು ಕಡೆ, ಒಡೆಯನ ಮನೆಯಂಗಳದಲ್ಲಿಯೇ ನಿಂತು, ಅಪರಿಚಿತನೆದುರು, ನಿಜವಾಗಿ ಸತ್ಯವನ್ನು ನುಡಿದ ಹುಡುಗಿ. ಅವಳ ಮಾತು ಪ್ರವಾಸಿಯ ದಿನಚರಿಯಲ್ಲಿ ಉಳಿಯಿತು, ವಾಚನಪುಸ್ತಕಕ್ಕೆ ಬರಲಿಲ್ಲ. ಇದಕ್ಕೆ ಒಂದು ಉಪಕಥೆಯೂ ಇದೆ. 2016ರ ಜನವರಿಯಲ್ಲಿ ಅಮೆರಿಕದ ದೊಡ್ಡ ಪ್ರಕಾಶನ ಸಂಸ್ಥೆಯಾದ ಸ್ಕಾಲಸ್ಟಿಕ್, ಇದೇ ಹರ್ಕ್ಯುಲಿಸನೂ ಅವನ ಮಗಳೂ ವಾಷಿಂಗ್ಟನ್ನರ ಹುಟ್ಟುಹಬ್ಬಕ್ಕೆ ನಗುನಗುತ್ತ ಕೇಕ್ ಮಾಡುವ ಚಿತ್ರಪುಸ್ತಕವನ್ನು ಹೊರತಂದಿತು. ಗುಲಾಮಗಿರಿಯನ್ನು ಹೀಗೆ ನಗುಮುಖದಲ್ಲಿ ತೋರಿಸುವುದೇ ಎಂದು ಜನ ಸಿಡಿದೆದ್ದ ಮೇಲೆ, ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ವೀಮ್ಸ್ ಪಾದ್ರಿಯ ವಂಶ ಇನ್ನೂ ಅಳಿದಿಲ್ಲವೆನ್ನಬೇಕು.

ಇದು ಅವರ ದೇಶದ ಮಾತೆಂದು ನಾವು ಹಗುರಾಗುವಂತಿಲ್ಲ. ವಿಶ್ವೇಶ್ವರಯ್ಯನವರ ಬಗೆಗೆ ನಾನು ಮಕ್ಕಳಿಗೆ ಹೇಳಿದ್ದು ಬತ್ತಿಯ ಕಥೆ. ಹೇಳದೆ ಬಿಟ್ಟದ್ದು ಎರಡು ಬಗೆಯದು. ಒಂದು, ನಿಜವಾಗಿ ಅವರ ಹಿರಿಮೆಯಿರುವ ಕೆಲಸ. 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು, ನೀರು ಒಂದು ಮಟ್ಟಕ್ಕೇರಿದಾಗ ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚುವಂಥವು. ಒಂದು ಡಬ್ಬಿ, ಒಂದು ಹಗ್ಗ, ಒಂದು ರಾಟೆ ಇದ್ದರೆ ಅದರ ತತ್ವವನ್ನು ತರಗತಿಯಲ್ಲಿಯೇ ಮಾಡಿ ತೋರಿಸಬಹುದಿತ್ತು. ಮೇಣದ ಬತ್ತಿ ಸುಲಭವಾಗಿತ್ತು. ಹಾಗಾಗಿ ಬತ್ತಿಯನ್ನೇ ಹೇಳಿದೆ. ಇನ್ನೊಂದು, ಅವರು ಮೈಸೂರಿನ ದಿವಾನಗಿರಿಯನ್ನು ಬಿಟ್ಟ ಸಂದರ್ಭ. ಸರಕಾರಿ ನೌಕರಿಗಳಲ್ಲಿ ಹಿಂದುಳಿದ ವರ್ಗಗಳಿಗೆ ಹೆಚ್ಚಿನ ಅವಕಾಶ ಕೊಡಬೇಕೆಂಬ ಬೇಡಿಕೆಯನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಯೋಗ್ಯತೆಯೊಂದೇ ಅಳತೆಗೋಲಾಗಬೇಕೆಂಬುದು ದಿವಾನರ ನಿಲುವು. ಭಿನ್ನಾಭಿಪ್ರಾಯ ಬೆಳೆದು ಅವರು ಹುದ್ದೆಯಿಂದ ನಿವೃತ್ತರಾದರು. ನನ್ನ ಎಂಟನೆಯ ತರಗತಿಯಲ್ಲಿ ಕುಳಿತಿದ್ದ ಮಕ್ಕಳಲ್ಲಿ ಬಹುಪಾಲು, ಮಿಲ್ಲರ್ ಸಮಿತಿ ಯಾರ ಪರವಾಗಿ ಮಾತನಾಡಿತೋ ಅಂಥವರ ಮನೆಗಳಿಂದಲೇ ಬಂದವರು. ಆ ಮಹಾರಾಜರೂ ಆ ದಿವಾನರೂ ಇಬ್ಬರೂ ದೊಡ್ಡವರು, ಆದರೂ ಒಂದು ದೊಡ್ಡ ವಿಷಯದಲ್ಲಿ ಅವರಿಗೆ ಹೊಂದಿಕೆಯಾಗಲಿಲ್ಲ ಎಂದು ಅವರಿಗೆ ಹೇಳಿದ್ದರೆ ವಿಶ್ವೇಶ್ವರಯ್ಯನವರ ಗೌರವಕ್ಕೆ ಕುಂದು ಬರುತ್ತಿತ್ತೇ? ನನಗೆ ಹಾಗೆ ತೋರುವುದಿಲ್ಲ. ಕನ್ನಂಬಾಡಿಯ ಕಟ್ಟೆ ಅಷ್ಟಕ್ಕೆ ಬಿರುಕು ಬಿಡುವಂಥದಲ್ಲ.

ನಾಲ್ಕನೆಯ ತರಗತಿಯ ಮಗುವಿಗೆ ಮಿಲ್ಲರ್ ಸಮಿತಿ ಬೇಡ. ಅರ್ಥಧಾರಿ ಮಿತ್ರರ ಮಾತಿಗೆ ಅಷ್ಟು ಮನ್ನಣೆ ಸಲ್ಲಲೇಬೇಕು. ವಯಸ್ಸಿಗೆ ತಕ್ಕಂತೆ ತುತ್ತು. ಆದರೆ ಇಂದು ಹೇಳಿದ್ದನ್ನು ನಾಳೆ ನುಂಗಿಕೊಳ್ಳಬೇಕಾದ ಸ್ಥಿತಿ ಬರಬಾರದು. ನಾಲ್ಕರಲ್ಲಿ ಕಾಲುಭಾಗ ಹೇಳಿ, ಎಂಟರಲ್ಲಿ ಅರ್ಧ ಹೇಳಿ, ಉಳಿದುದನ್ನು ಅವರೇ ಓದಿಕೊಳ್ಳಲು ಬಿಟ್ಟರೆ ಅದು ಬೆಳೆಯುವ ಗಿಡ. ನಾಲ್ಕರಲ್ಲಿ ಹೇಳಿದ್ದನ್ನು ಎಂಟರಲ್ಲಿ ಅಲ್ಲಗಳೆಯಬೇಕಾದರೆ, ಮಗು ಮಹಾಪುರುಷನ ಮೇಲಿನ ನಂಬಿಕೆಯನ್ನು ಮಾತ್ರವಲ್ಲ, ಹೇಳಿದ ಮಾಸ್ತರನ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ. ನನ್ನ ಕಚೇರಿಯ ಗೋಡೆಯಲ್ಲಿ ಹಲವು ವರ್ಷ ಒಂದು ಚೌಕಟ್ಟು ತೂಗುತ್ತಿತ್ತು: ಅಬ್ರಹಾಂ ಲಿಂಕನ್ನರು ಮಗನ ಅಧ್ಯಾಪಕರಿಗೆ ಬರೆದರೆನ್ನಲಾದ ಪತ್ರದ ಕನ್ನಡ ರೂಪ. ಅಧ್ಯಾಪಕರ ದಿನದಂದು ಅದನ್ನು ಗಟ್ಟಿಯಾಗಿ ಓದುವುದು ವಾಡಿಕೆ. ಲಿಂಕನ್ನರು ಬರೆದ ಪತ್ರಗಳ ಸಂಗ್ರಹದಲ್ಲಿ ಅಂಥದೊಂದು ಪತ್ರವೇ ಇಲ್ಲವೆಂದು ತಿಳಿದದ್ದು ನಿವೃತ್ತನಾದ ಮೇಲೆ. ಮಾತುಗಳು ಒಳ್ಳೆಯವೇ. ಬರೆದ ಅಜ್ಞಾತನ ಹೆಸರಿನಲ್ಲಿಯೇ ಓದಿದ್ದರೆ ಏನು ಕಡಿಮೆಯಾಗುತ್ತಿತ್ತೆಂದು ಈಗ ಅನಿಸುತ್ತದೆ. ಆದರೆ ಅಜ್ಞಾತನ ಪತ್ರಕ್ಕೆ ಚೌಕಟ್ಟು ಹಾಕಿಸುತ್ತಿದ್ದೆವೇ?

ಇಷ್ಟೆಲ್ಲ ಯೋಚನೆಗೆ ಇನ್ನೊಂದು ಕಾರಣವೂ ಇದೆ. ಇಲ್ಲಿಯ ಕನ್ನಡ ಶಾಲೆಗಳ ಮಕ್ಕಳಿಗಾಗಿ ಮಂಜೇಶ್ವರದ ಗೋವಿಂದ ಪೈಗಳ ಕಿರುಪುಸ್ತಕವೊಂದನ್ನು ಬರೆದುಕೊಡಬೇಕೆಂದು ಸಂಘದವರು ನನಗೆ ಒಪ್ಪಿಸಿದ್ದಾರೆ. ಮೂವತ್ತೆರಡು ಪುಟ. ಮೊದಲ ಕರಡಿನಲ್ಲಿಯೇ ಮೂರು ಕಡೆ ಲೇಖನಿ ನಿಂತಿತು.

ಮೊದಲನೆಯದು, ಅವರಿಗೆ ತಿಳಿದಿದ್ದ ಭಾಷೆಗಳು. ಇಪ್ಪತ್ತೆರಡು ಎನ್ನುವವರಿದ್ದಾರೆ, ಇಪ್ಪತ್ತೈದು ಎನ್ನುವವರಿದ್ದಾರೆ. ಭಾಷಣಗಳಲ್ಲಿ ನಾನೇ ದೊಡ್ಡ ಸಂಖ್ಯೆಯನ್ನು ಬಳಸಿದ್ದೇನೆ. ದೊಡ್ಡ ಸಂಖ್ಯೆಗೆ ಚಪ್ಪಾಳೆ ಹೆಚ್ಚು. ಶಾಸನಗಳನ್ನೂ ಪ್ರಾಚೀನ ಗ್ರಂಥಗಳನ್ನೂ ಜಾಲಾಡಿ ಒಂದು ತೇದಿಯನ್ನು ನಿರ್ಧರಿಸಲು ಪುಟಗಟ್ಟಲೆ ಬರೆದ ಸಂಶೋಧಕರ ಬಗೆಗೆ ಹೀಗೆ ಎಣಿಸದ ಸಂಖ್ಯೆಯನ್ನು ಹೇಳುವುದು ಅವರಿಗೇ ಒಪ್ಪಿಗೆಯಾಗುತ್ತಿರಲಿಲ್ಲ. ಕರಡನ್ನು ಮೊಮ್ಮಗಳಿಗೆ ಓದಿ ಹೇಳಿದಾಗ ಅವಳು ಕೇಳಿದ್ದೂ ಅದನ್ನೇ: ‘ಎಣಿಸಿದ್ದು ಯಾರು, ಅಜ್ಜಾ?’

ಎರಡನೆಯದು, ಬಿ.ಎ. ಪದವಿ. ಮದರಾಸಿನಲ್ಲಿ ಓದುತ್ತಿದ್ದಾಗ ತಂದೆ ತೀರಿಕೊಂಡರು; ಪದವಿ ಪೂರ್ಣವಾಗಲಿಲ್ಲ. ಮಕ್ಕಳ ಪುಸ್ತಕದಲ್ಲಿ ಇದನ್ನು ಹಾರಿಸಿಬಿಡುವುದು ಸುಲಭ. ಆದರೆ ತಂದೆಯನ್ನು ಕಳೆದುಕೊಂಡು ಹತ್ತನೆಯ ತರಗತಿಯ ಮಧ್ಯದಲ್ಲಿ ಶಾಲೆ ಬಿಟ್ಟ ಮಕ್ಕಳ ಹೆಸರುಗಳನ್ನು ಹಾಜರಿ ಪುಸ್ತಕದಿಂದ ನಾನೇ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದೇನೆ. ರಾಷ್ಟ್ರಕವಿಯೆನಿಸಿಕೊಂಡವರೂ ಹೀಗೆ ಓದು ನಿಲ್ಲಿಸಿ ಮನೆಗೆ ಮರಳಿದ್ದರೆಂಬುದು ಅಂಥ ಒಬ್ಬನಿಗಾದರೂ ತಿಳಿಯಲಿ. ಹೆಸರಿನ ಮುಂದೆ ಬಿ.ಎ., ಬಿ.ಎಡ್. ಎಂದು ಬರೆದುಕೊಳ್ಳುವ ನಾನು, ಪದವಿಯಿಲ್ಲದ ಆ ಪಂಡಿತರ ಬಗೆಗೆ ಬರೆಯಲು ಕುಳಿತಾಗ ಸ್ವಲ್ಪ ಕುಗ್ಗಿದೆನೆಂಬುದೂ ನಿಜ.

ಮೂರನೆಯದು ನಮ್ಮೆಲ್ಲರ ನೋವಿನ ಜಾಗ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದು ಕರ್ನಾಟಕದಲ್ಲಿರಬೇಕೆಂಬ ಹಂಬಲವನ್ನು ಉಳಿಸಿಕೊಂಡೇ ಪೈಗಳು 1963ರಲ್ಲಿ ತೀರಿಕೊಂಡರು. ಪುಸ್ತಕವನ್ನು ಓದುವ ಮಕ್ಕಳಲ್ಲಿ ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಆಡುವವರಿದ್ದಾರೆ. ಪೈಗಳ ಮನೆಮಾತೂ ಕೊಂಕಣಿಯೇ. ಇದನ್ನು ಬಿಟ್ಟರೆ ಪೈಗಳು ಅರ್ಧವಾಗುತ್ತಾರೆ. ಕಹಿಯಾಗಿ ಬರೆದರೆ ಪಕ್ಕದ ಬೆಂಚಿನಲ್ಲಿ ಮಲಯಾಳ ಆಡುವ ಮಗು ತಲೆ ತಗ್ಗಿಸಿ ಕುಳಿತುಕೊಳ್ಳಬೇಕಾಗುತ್ತದೆ. ಮಗುವನ್ನು ಹಾಗೆ ಕುಳ್ಳಿರಿಸುವುದು ಏನೆಂದು ನಾನು ಬಲ್ಲೆ. ಈ ಒಂದು ಪುಟವನ್ನು ಐದು ಸಲ ಬರೆದೆ. ಆರನೆಯ ಸಲ, ಅವರಿಗೆ ಏನು ಬೇಕಾಗಿತ್ತು, ಏನಾಯಿತು ಎಂಬ ಎರಡನ್ನೇ ನಾಲ್ಕು ವಾಕ್ಯಗಳಲ್ಲಿ ಬರೆದು ನಿಲ್ಲಿಸಿದ್ದೇನೆ. ವಿಶೇಷಣಗಳನ್ನೆಲ್ಲ ಹೊಡೆದು ಹಾಕಿದ ಮೇಲೆ ಅದು ಮೊದಲಿಗಿಂತ ಹೆಚ್ಚು ನೋಯುತ್ತದೆಂದು ನನ್ನ ಪತ್ನಿಯ ಅಭಿಪ್ರಾಯ.

ಭಾಷೆಗಳ ವಿಚಾರದಲ್ಲಿ ಈಗ ಹೀಗೆ ಬರೆದಿದ್ದೇನೆ: ‘ಅವರಿಗೆ ಹಲವು ಭಾಷೆಗಳು ಬರುತ್ತಿದ್ದುವು. ಇಪ್ಪತ್ತೆರಡು ಎಂದು ಕೆಲವರೂ ಇಪ್ಪತ್ತೈದು ಎಂದು ಕೆಲವರೂ ಹೇಳುತ್ತಾರೆ. ನಿಮ್ಮ ತರಗತಿಯಲ್ಲಿ ಒಟ್ಟು ಎಷ್ಟು ಭಾಷೆಗಳಿವೆಯೆಂದು ಎಣಿಸಿ ನೋಡಿ.’

ಅಂದು ಎದ್ದು ನಿಂತ ಹುಡುಗ ಈಗ ಕೊಲ್ಲಿ ರಾಷ್ಟ್ರವೊಂದರಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ಮಗಳು ನಾನಿದ್ದ ಶಾಲೆಯಲ್ಲಿಯೇ ಆರನೆಯ ತರಗತಿಯಲ್ಲಿ ಓದುತ್ತಿದ್ದಾಳೆಂದು ಮೊನ್ನೆ ತಿಳಿಯಿತು. ಪುಸ್ತಕ ಅಚ್ಚಾಗಿ ಬಂದ ಕೂಡಲೇ ಒಂದು ಪ್ರತಿಯನ್ನು ಅವಳ ಕೈಯಲ್ಲಿ ಕೊಟ್ಟು, ತಂದೆಗೆ ತಲುಪಿಸೆಂದು ಹೇಳಬೇಕೆಂದಿದ್ದೇನೆ. ಒಳಗೆ ಒಂದು ಚೀಟಿಯನ್ನೂ ಇಡುತ್ತೇನೆ. ಆ ಸೆಪ್ಟೆಂಬರಿನಲ್ಲಿ ನೀನು ಹೇಳಿದ್ದು ಸರಿಯಾಗಿತ್ತು, ಈ ಪುಸ್ತಕದಲ್ಲಿಯೂ ತಪ್ಪು ಕಂಡರೆ ಬರೆದು ತಿಳಿಸು ಎಂದು.